ಉಮಿಗೆ ಸಿಕ್ಕ ಬಹುಮಾನ: ಹಸಿರು ಉದ್ದಿಮೆಗಳ ಬಿಸಿನೆಸ್ ಪ್ಲ್ಯಾನ್ ಸ್ಪರ್ಧೆಗಳು

2008ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯ ಒಂದು ಉದ್ದಿಮೆ ಯೋಜನೆಗೆ 50 ಸಾವಿರ ಡಾಲರ್ ಬಹುಮಾನ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 20 ಲಕ್ಷ ರೂಪಾಯಿ. ಯೋಜನೆ ಇಷ್ಟೇ: ಅಕ್ಕಿ ಗಿರಣಿಯ ಹಿಂದೆ ಗುಡ್ಡೆ ಬಿದ್ದಿರುವ ಭತ್ತದ ಉಮಿಯಿಂದ ಕರೆಂಟು ತೆಗೆದು, ವಿದ್ಯುತ್ ಕಾಣದ ಹಳ್ಳಿಗಳಿಗೆ ಮಾರುವುದು. ಉಮಿಯೂ ಹಳ್ಳಿಯೂ ಬಿಹಾರದವು. ಕಂಪನಿ ಕಟ್ಟಿದ ನಾಲ್ವರಲ್ಲಿ ಮೂವರು ಬಿಹಾರದವರೇ. ಕಂಪನಿಯ ಹೆಸರು ಹಸ್ಕ್ ಪವರ್ ಸಿಸ್ಟಮ್ಸ್.

ಇಂಥ ಬಹುಮಾನ ಕೊಡುವ ಸ್ಪರ್ಧೆಗಳಿಗೆ ಬಿಸಿನೆಸ್ ಪ್ಲ್ಯಾನ್ ಸ್ಪರ್ಧೆ ಎಂದು ಹೆಸರು. ಇಲ್ಲಿ ಯಂತ್ರ ಮಾಡಿ ತೋರಿಸಿದರೆ ಸಾಲದು. ಆ ಯಂತ್ರವನ್ನು ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಎಷ್ಟು ವರ್ಷಕ್ಕೆ ಹಾಕಿದ ದುಡ್ಡು ಹಿಂದೆ ಬರುತ್ತದೆ ಎಂದು ಬರೆದು ಒಪ್ಪಿಸಬೇಕು. ವಿಜ್ಞಾನ ಮೇಳದ ಬಹುಮಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಗಡಿನಾಡಿನ ಊರುಗಳಿಂದ ಮಂಗಳೂರು, ಬೆಂಗಳೂರು, ಕೊಯಮತ್ತೂರು, ಪುಣೆ, ಹೈದರಾಬಾದಿನ ಕಾಲೇಜುಗಳಿಗೆ ಹೋಗುವ ಮಕ್ಕಳ ಕಿವಿಗೆ ಈಗ ಈ ಹೆಸರು ಬೀಳುತ್ತಲೇ ಇರುತ್ತದೆ. ಮನೆಯ ಹಿರಿಯರಿಗೆ ಮಾತ್ರ ಇದೇನೋ ಲಾಟರಿಯಂತೆ ಕೇಳಿಸುತ್ತದೆ.

ಅಣಕು ನ್ಯಾಯಾಲಯದಿಂದ ಬಂದದ್ದು

ಈ ಪದ್ಧತಿಯ ತವರು ಅಮೆರಿಕ. 1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎಂಬಿಎ ವಿದ್ಯಾರ್ಥಿಗಳು ಮೂಟ್ ಕಾರ್ಪ್ ಎಂಬ ಸ್ಪರ್ಧೆ ಶುರು ಮಾಡಿದರು. ಕಾನೂನು ಕಾಲೇಜಿನ ಹುಡುಗರು ಅಣಕು ನ್ಯಾಯಾಲಯ ಕಟ್ಟಿ ವಾದ ಮಾಡುವುದನ್ನು ಕಂಡು, ತಾವೂ ಅಣಕು ಕಂಪನಿ ಕಟ್ಟಿ ವಾದಿಸಬಾರದೇಕೆ ಎಂಬ ಯೋಚನೆ ಅದು. 1990ರಲ್ಲಿ ಬಾಸ್ಟನ್ ಬಳಿಯ ಎಂಐಟಿ 10 ಸಾವಿರ ಡಾಲರಿನ ಸ್ಪರ್ಧೆ ಆರಂಭಿಸಿತು. ಬಹುಮಾನ ಬೆಳೆದಂತೆ ಸ್ಪರ್ಧೆಯ ಹೆಸರೂ ಬೆಳೆದು, 2006ರ ಹೊತ್ತಿಗೆ 100 ಸಾವಿರದ ಸ್ಪರ್ಧೆಯಾಯಿತು. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಸ್ಪರ್ಧೆ 2001ರದು.

ಹಸಿರು ತಂತ್ರಜ್ಞಾನಕ್ಕೆಂದೇ ಬೇರೆ ಸ್ಪರ್ಧೆಗಳು ಹುಟ್ಟಿದ್ದು ಪೆಟ್ರೋಲಿಯಂ ಬೆಲೆ ಏರುತ್ತಿದ್ದ ಆ ನಡುವಿನ ವರ್ಷಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 2006ರಲ್ಲಿ ಕ್ಲೀನ್‌ಟೆಕ್ ಓಪನ್ ಮೊದಲ ಸುತ್ತು ನಡೆಸಿತು. ನೆದರ್ಲೆಂಡ್ಸ್‌ನ ಪೋಸ್ಟ್‌ಕೋಡ್ ಲಾಟರಿ 2007ರಿಂದ 5 ಲಕ್ಷ ಯೂರೋ ಬಹುಮಾನ ಇಟ್ಟಿತು. ಅದರ ಎರಡನೇ ವರ್ಷದ ಬಹುಮಾನ ಹೋದದ್ದು ಹೊಲದ ಕಸದ ಮೇಲೆ ಅಣಬೆಯ ಬೇರಿನಂಥ ಎಳೆಗಳನ್ನು ಬೆಳೆಸಿ ಥರ್ಮೋಕೋಲಿಗೆ ಬದಲಿ ವಸ್ತು ಮಾಡಿದ ಇಕೋವೇಟಿವ್ ಎಂಬ ಅಮೆರಿಕನ್ ಕಂಪನಿಗೆ. ಎಂಐಟಿಯೂ 2008ರಲ್ಲಿ ಶುದ್ಧ ಇಂಧನಕ್ಕೆಂದು 2 ಲಕ್ಷ ಡಾಲರಿನ ಬೇರೆ ಬಹುಮಾನ ತೆರೆಯಿತು.

ಸ್ಪರ್ಧೆಯ ಕ್ರಮ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ. ಮೊದಲು ಎರಡು ಮೂರು ಪುಟದ ಸಾರಾಂಶ. ಅದರಲ್ಲಿ ಉಳಿದವರು ಪೂರ್ತಿ ಯೋಜನೆ ಬರೆಯಬೇಕು. ಕೊನೆಗೆ ಹತ್ತು ಹದಿನೈದು ನಿಮಿಷ ತೀರ್ಪುಗಾರರ ಮುಂದೆ ನಿಂತು ಹೇಳಬೇಕು, ಪ್ರಶ್ನೆಗೆ ಉತ್ತರ ಕೊಡಬೇಕು. ತೀರ್ಪುಗಾರರಲ್ಲಿ ಮೇಷ್ಟ್ರುಗಳಿಗಿಂತ ಬಂಡವಾಳ ಹಾಕುವವರು, ಬ್ಯಾಂಕಿನವರು, ಕಂಪನಿ ನಡೆಸಿದವರೇ ಹೆಚ್ಚು. ಹೆಣ್ಣು ನೋಡಲು ಬಂದವರ ಹಾಗೆ ಇವರು ಕೇಳುವುದು ಒಂದು, ತಿಳಿಯಬೇಕೆಂದಿರುವುದು ಇನ್ನೊಂದು!

ಉಮಿಯ ಲೆಕ್ಕ

ಹಸ್ಕ್ ಪವರ್‌ನ ಕಥೆ ಈ ಇಡೀ ವಿಷಯವನ್ನು ಬಿಡಿಸಿ ತೋರಿಸುವುದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಜ್ಞಾನೇಶ್ ಪಾಂಡೆ ಅಮೆರಿಕದಲ್ಲಿ ಓದಿ ಅಲ್ಲೇ ಎಂಜಿನಿಯರ್ ಕೆಲಸದಲ್ಲಿದ್ದವರು. ಊರಿಗೆ ಮರಳಿ ಗೆಳೆಯ ರತ್ನೇಶ್ ಯಾದವ್ ಜೊತೆ ಸೇರಿ ಪಶ್ಚಿಮ ಚಂಪಾರಣ್ ಜಿಲ್ಲೆಯ ತಮ್ಕುಹಾ ಎಂಬ ಹಳ್ಳಿಯಲ್ಲಿ 2007ರ ಆಗಸ್ಟಿನಲ್ಲಿ ಮೊದಲ ಘಟಕ ನಡೆಸಿದರು. ಅದೇ ಹೊತ್ತಿಗೆ ವರ್ಜೀನಿಯಾ ವಿಶ್ವವಿದ್ಯಾಲಯದ ಡಾರ್ಡನ್ ಶಾಲೆಯಲ್ಲಿ ಎಂಬಿಎ ಓದುತ್ತಿದ್ದ ಮನೋಜ್ ಸಿನ್ಹಾ ಮತ್ತು ಅವರ ಸಹಪಾಠಿ ಚಾರ್ಲ್ಸ್ ರ್‍ಯಾನ್ಸ್ಲರ್ ಯೋಜನೆಯನ್ನು ಬರೆದು ಸ್ಪರ್ಧೆಗಳಿಗೆ ಹೊತ್ತೊಯ್ದರು. 2008ರಲ್ಲಿ ಡಾರ್ಡನ್ನಿನ ಸ್ಪರ್ಧೆಯಲ್ಲೂ ಗೆದ್ದರು, ಟೆಕ್ಸಾಸಿನಲ್ಲೂ ಗೆದ್ದರು. ಗಮನಿಸಬೇಕಾದ್ದು ತಾರೀಖುಗಳನ್ನು. ತೀರ್ಪುಗಾರರ ಮುಂದೆ ನಿಲ್ಲುವ ಮೊದಲೇ ಹಳ್ಳಿಯಲ್ಲಿ ದೀಪ ಉರಿದಿತ್ತು. ಗೆದ್ದದ್ದು ಬರೀ ಕಾಗದವಲ್ಲ.

ತಂತ್ರ ಹೊಸದೇ? ಅಲ್ಲ. ಉಮಿಯನ್ನಾಗಲಿ ಸೌದೆಯನ್ನಾಗಲಿ ಸಾಕಷ್ಟು ಗಾಳಿ ಕೊಡದೆ ಅರೆಬರೆ ಉರಿಸಿದರೆ ಉರಿಯುವ ಅನಿಲ ಬರುತ್ತದೆ. ಅದನ್ನು ತೊಳೆದು, ಸೋಸಿ ಎಂಜಿನ್ನಿಗೆ ಬಿಟ್ಟರೆ ಜನರೇಟರ್ ತಿರುಗುತ್ತದೆ. ಈ ಗ್ಯಾಸಿಫೈಯರ್ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಬಹಳ ಹಿಂದೆಯೇ ಕೈಯಾಡಿಸಿತ್ತು. ಸಂಸ್ಥೆಯ ಅಸ್ತ್ರ ವಿಭಾಗ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲೇ ಸೌದೆಯ ಗ್ಯಾಸಿಫೈಯರ್ ಇಟ್ಟು ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ನಡೆಸಿ ತೋರಿಸಿತ್ತು. ಬಿಹಾರದ ಹುಡುಗರು ಸ್ಪರ್ಧೆಗೆ ಒಯ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಅದರ ಆದಾಯ ಖರ್ಚಿನ ಲೆಕ್ಕವನ್ನು.

ಆ ಲೆಕ್ಕ ಹೀಗಿತ್ತು. ಒಂದು ಘಟಕ ಸುಮಾರು 32 ಕಿಲೋವಾಟ್. ಗಂಟೆಗೆ 50 ಕಿಲೋ ಉಮಿ ಬೇಕು. ಸಂಜೆಯಿಂದ ರಾತ್ರಿಯವರೆಗೆ ಆರೇಳು ಗಂಟೆ ಮಾತ್ರ ನಡೆಸುವುದು. ಬಿದಿರಿನ ಕಂಬಗಳ ಮೇಲೆ ತಂತಿ. ಎರಡು ಸಿಎಫ್ಎಲ್ ಬಲ್ಬು ಮತ್ತು ಮೊಬೈಲ್ ಚಾರ್ಜಿಗೆ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 100 ರೂಪಾಯಿ, ಅದೂ ಮುಂಗಡ. ಸೀಮೆಎಣ್ಣೆಗೆ ಮನೆಯವರು ಹೇಗೂ ಖರ್ಚು ಮಾಡುತ್ತಿದ್ದ ಹಣವನ್ನೇ ಇತ್ತ ತಿರುಗಿಸುವ ಉಪಾಯ. ಉಳಿದ ಕಪ್ಪು ಬೂದಿಯಿಂದ ಹೆಂಗಸರು ಊದುಬತ್ತಿ ಮಾಡಿ ಮಾರುವ ಏರ್ಪಾಡೂ ಇತ್ತು.

400 ಮನೆಗಳಿದ್ದರೆ ತಿಂಗಳಿಗೆ 40 ಸಾವಿರ ರೂಪಾಯಿ ಆದಾಯ. ಇದರಲ್ಲಿ ಸಂಬಳ, ರಿಪೇರಿ, ಉಮಿ ಎಲ್ಲ ಬರಬೇಕು. ದಿನಕ್ಕೆ 300 ಕಿಲೋ ಎಂದರೆ ತಿಂಗಳಿಗೆ 9,000 ಕಿಲೋ ಉಮಿ. ಅಂದರೆ ಉಮಿಯ ಬೆಲೆ ಕಿಲೋಗೆ ಒಂದೇ ಒಂದು ರೂಪಾಯಿ ಏರಿದರೆ 9,000 ರೂಪಾಯಿ ಹೋಯಿತು, ಆದಾಯದ ಕಾಲು ಪಾಲಿಗೆ ಹತ್ತಿರ. ಯಾರಿಗೂ ಬೇಡವಾಗಿ ಬಿದ್ದಿದ್ದ ವಸ್ತುವಿಗೆ ಗಿರಾಕಿ ಬಂದ ಮೇಲೆ ಗಿರಣಿಯವನು ಸುಮ್ಮನೆ ಕೊಡುವನೇ? ಮುಂದೆ ಬಿಹಾರದಲ್ಲಿ ಆದದ್ದೂ ಅದೇ. ಉಮಿಗೆ ಬೆಲೆ ಬಂತು.

ಅಡಿಕೆ ಸಿಪ್ಪೆ, ಶೇಂಗಾ ಹೊಟ್ಟು, ಹತ್ತಿ ಕಟ್ಟಿಗೆ, ಕಬ್ಬಿನ ರವದಿ ಇವುಗಳಿಂದ ಏನಾದರೂ ಮಾಡಬೇಕು ಎಂದು ಹೊರಡುವ ಕಾಸರಗೋಡಿನ, ಮಡಕಶಿರಾದ, ಆದೋನಿಯ, ಅಕ್ಕಲಕೋಟೆಯ ಹುಡುಗರು ಮೊದಲು ಹಾಕಬೇಕಾದ ಲೆಕ್ಕ ಇದು. "ಕಚ್ಚಾವಸ್ತು ಪುಕ್ಕಟೆ" ಎಂದು ಬರೆದ ಯೋಜನೆಯನ್ನು ಅನುಭವಸ್ಥ ತೀರ್ಪುಗಾರ ಅಲ್ಲೇ ಕೆಳಗಿಡುತ್ತಾನೆ. ಇಂದು ಪುಕ್ಕಟೆ ಸಿಗುವುದು ನಾಳೆ ಎಷ್ಟಾದರೆ ಕಂಪನಿ ಮುಳುಗುತ್ತದೆ ಎಂದು ತಾನೇ ಬರೆದವನ ಮಾತಿಗೆ ತೂಕ ಬರುತ್ತದೆ.

ಹಸ್ಕ್ ಪವರ್ 2011ರ ಹೊತ್ತಿಗೆ 60ಕ್ಕೂ ಹೆಚ್ಚು ಘಟಕ ನಡೆಸುತ್ತಿತ್ತು, ಆ ವರ್ಷ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯೂ ಬಂತು. ಆಮೇಲೆ ಸರ್ಕಾರಿ ವಿದ್ಯುತ್ ಹಳ್ಳಿಗಳನ್ನು ಮುಟ್ಟಿತು, ಸೋಲಾರ್ ಫಲಕಗಳ ಬೆಲೆ ಬಿತ್ತು. ಸಂಜೆ ಮಾತ್ರ ಸಿಗುವ ಎರಡು ಬಲ್ಬಿನ ಕರೆಂಟು ಯಾರಿಗೆ ಬೇಕು? ಕಂಪನಿ ಸೋಲಾರ್, ಬ್ಯಾಟರಿ, ಉಮಿ ಮೂರನ್ನೂ ಸೇರಿಸಿ ಇಡೀ ದಿನ ವಿದ್ಯುತ್ ಕೊಡುವ ವ್ಯವಸ್ಥೆಗೆ ಹೊರಳಿತು. ಅಂಗಡಿ, ಗಿರಣಿಗಳು ಮುಖ್ಯ ಗಿರಾಕಿಗಳಾದವು. 2018ರಲ್ಲಿ ಶೆಲ್, ಸ್ವೀಡ್‌ಫಂಡ್, ಎಂಜಿ ಕಂಪನಿಗಳಿಂದ 2 ಕೋಟಿ ಡಾಲರ್ ಬಂಡವಾಳ ಬಂತು. ಟಾಂಜಾನಿಯಾ, ನೈಜೀರಿಯಾಗಳಿಗೂ ಹೋಯಿತು. ಬಹುಮಾನದ 50 ಸಾವಿರ ಡಾಲರಿಗೂ ಈ 2 ಕೋಟಿಗೂ ನಡುವೆ ಹತ್ತು ವರ್ಷ.

ಹಾಲು ಮತ್ತು ದೀಪ

ಎಂಐಟಿ ಬಳಗದಿಂದ ಬಂದ ಪ್ರೊಮೀಥಿಯನ್ ಪವರ್ ಸಿಸ್ಟಮ್ಸ್‌ನ ಕಥೆ ಹಾಲಿನ ಸೊಸೈಟಿಗಳಿರುವ ಊರಿನವರಿಗೆ ಚೆನ್ನಾಗಿ ಅರ್ಥವಾದೀತು. ಸೋರಿನ್ ಗ್ರಾಮಾ ಮತ್ತು ಸ್ಯಾಮ್ ವೈಟ್ ಎಂಬಿಬ್ಬರು ಸೋಲಾರ್ ಶಕ್ತಿಯಿಂದ ಹಾಲು ತಂಪು ಮಾಡುವ ಯಂತ್ರದ ಯೋಜನೆ ಹಿಡಿದು ಭಾರತಕ್ಕೆ ಬಂದರು. ಕರೆದ ಹಾಲು ಸುಮಾರು 35 ಡಿಗ್ರಿ ಇರುತ್ತದೆ. ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಒಡೆಯುತ್ತದೆ. ಹಳ್ಳಿಯ ಶೀತಲ ಘಟಕಗಳಲ್ಲಿ ಕರೆಂಟು ಹೋದರೆ ಡೀಸೆಲ್ ಜನರೇಟರೇ ಗತಿ. ಇಲ್ಲಿ ಸೋಲಾರ್ ತಂದರೆ ಡೀಸೆಲ್ ಉಳಿಯುತ್ತದೆ ಎಂಬುದು ಅವರ ಲೆಕ್ಕ.

ಹಳ್ಳಿಗಳಲ್ಲಿ ಓಡಾಡಿದ ಮೇಲೆ ಕಂಡದ್ದೇ ಬೇರೆ. ಸೋಲಾರ್ ಫಲಕದ ಬೆಲೆ ಸೇರಿದರೆ ಯಂತ್ರ ಕೈಗೆಟುಕದು. ಕರೆಂಟು ಇಲ್ಲವೇ ಇಲ್ಲ ಎಂದೂ ಅಲ್ಲ, ಬಂದು ಹೋಗುತ್ತದೆ. ಇರುವಾಗಲೇ ತಂಪನ್ನು ಹಿಡಿದಿಟ್ಟುಕೊಂಡರೆ ಸಾಕಲ್ಲ! ಹಾಗಾಗಿ ಸೋಲಾರನ್ನೇ ಬಿಟ್ಟು, ಕರೆಂಟು ಬಂದಾಗ ಶೀತವನ್ನು ಶೇಖರಿಸಿ ಹಾಲು ಬಂದಾಗ ಬಿಡುವ "ಶೀತದ ಬ್ಯಾಟರಿ" ಮಾಡಿದರು. ತಮಿಳುನಾಡಿನ ಹಟ್ಸನ್ ಡೈರಿ ಅದರ ಮೊದಲ ಗಿರಾಕಿಗಳಲ್ಲಿ ಒಂದು. ಯೋಜನೆಯ ಶಿರೋನಾಮೆಯಲ್ಲಿದ್ದ ಸೋಲಾರ್ ಹೋಯಿತು, ಹಾಲು ಉಳಿಯಿತು. ಸ್ಪರ್ಧೆಯ ತೀರ್ಪುಗಾರರು ಹೇಳದೆ ಇದ್ದದ್ದನ್ನು ಹಾಲು ಹಾಕುವವರು ಹೇಳಿಕೊಟ್ಟರು.

ಮೂರನೆಯದು ಡಿ.ಲೈಟ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಡವರಿಗೆ ಎಟುಕುವ ವಸ್ತುಗಳ ವಿನ್ಯಾಸ ಕಲಿಸುವ ತರಗತಿಯಲ್ಲಿ ಹುಟ್ಟಿದ ಎಲ್ಇಡಿ ಲಾಂದ್ರದ ಯೋಜನೆ. ಅದನ್ನು ಹೊರತಂದ ಸ್ಯಾಮ್ ಗೋಲ್ಡ್‌ಮನ್, ನೆಡ್ ಟೋಜುನ್ 2007ರಲ್ಲಿ ಡ್ರೇಪರ್ ಫಿಶರ್ ಜರ್ವೆಟ್ಸನ್ ಎಂಬ ಬಂಡವಾಳ ಸಂಸ್ಥೆಯ ಸ್ಪರ್ಧೆಯಲ್ಲಿ ಎರಡೂವರೆ ಲಕ್ಷ ಡಾಲರ್ ಪಡೆದರು, ಆಗ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. ಗೋಲ್ಡ್‌ಮನ್ ಆಫ್ರಿಕಾದ ಬೆನಿನ್‌ನಲ್ಲಿ ಸ್ವಯಂಸೇವಕನಾಗಿದ್ದಾಗ ಪಕ್ಕದ ಮನೆಯ ಹುಡುಗನೊಬ್ಬ ಸೀಮೆಎಣ್ಣೆ ಬುಡ್ಡಿಯಿಂದ ಸುಟ್ಟುಕೊಂಡದ್ದನ್ನು ಕಂಡವರು. ಕಂಪನಿ ಭಾರತಕ್ಕೂ ಬಂತು. ಅದರ "ಕಿರಣ್" ಎಂಬ ಸಣ್ಣ ಸೋಲಾರ್ ದೀಪ ಹತ್ತು ಡಾಲರಿನ ಆಸುಪಾಸಿನದು.

ಇಲ್ಲಿ ಒಂದು ಮಾತು ಸೇರಿಸಬೇಕು. ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪ ತಂದ ಹರೀಶ್ ಹಂದೆಯವರ ಸೆಲ್ಕೋ 1995ರದು. ಅದು ಬೆಳೆದದ್ದು ಗ್ರಾಮೀಣ ಬ್ಯಾಂಕುಗಳು ದೀಪಕ್ಕೂ ಸಾಲ ಕೊಡುವಂತೆ ಮಾಡಿದ್ದರಿಂದ, ಸ್ಪರ್ಧೆಯ ಬಹುಮಾನದಿಂದಲ್ಲ. 2005ರ ಆಶ್ಡೆನ್ ಪ್ರಶಸ್ತಿ ಬಂದದ್ದು ಕೆಲಸ ಮಾಡಿ ಹತ್ತು ವರ್ಷವಾದ ಮೇಲೆ. ಮುಂದೆ ಮಾಡುವ ಕೆಲಸಕ್ಕೆ ಕೊಡುವ ಬಹುಮಾನ ಬೇರೆ, ಮಾಡಿದ ಕೆಲಸಕ್ಕೆ ಕೊಡುವ ಪ್ರಶಸ್ತಿ ಬೇರೆ. ಪತ್ರಿಕೆಗಳಲ್ಲಿ ಎರಡೂ ಒಂದೇ ಎಂಬಂತೆ ಬರುತ್ತವೆ. ಬ್ರಿಟನ್ನಿನ ಅರ್ತ್‌ಶಾಟ್ ಬಹುಮಾನ ಎರಡನೆಯ ಜಾತಿಗೆ ಹತ್ತಿರ. ಅದರ 10 ಲಕ್ಷ ಪೌಂಡ್ 2022ರಲ್ಲಿ ತೆಲಂಗಾಣದ ಸಣ್ಣ ರೈತರಿಗೆ ಅಗ್ಗದ ಹಸಿರುಮನೆ ಕಟ್ಟಿಕೊಡುವ ಖೇತಿಗೆ ಸಿಕ್ಕಿತು. 2023ರಲ್ಲಿ ಮಹಾರಾಷ್ಟ್ರದಲ್ಲಿ ರೈತ ಮಹಿಳೆಯರಿಗೆ ಸೋಲಾರ್ ಡ್ರೈಯರ್ ಕೊಡುವ ಎಸ್‌4ಎಸ್ ಟೆಕ್ನಾಲಜೀಸ್‌ಗೆ ಸಿಕ್ಕಿತು.

ಗೆದ್ದವರೆಲ್ಲ ನಿಲ್ಲುವುದಿಲ್ಲ. 2008ರಲ್ಲಿ ಎಂಐಟಿಯ ಮೊದಲ ಶುದ್ಧ ಇಂಧನ ಬಹುಮಾನ ಪಡೆದದ್ದು ಫ್ಲೋಡಿಸೈನ್ ಎಂಬ ಗಾಳಿಯಂತ್ರದ ಕಂಪನಿ. ಜೆಟ್ ಎಂಜಿನ್ನಿನಂತೆ ಸುತ್ತ ಹೊದಿಕೆಯಿದ್ದ ಚಕ್ರ. ದೊಡ್ಡ ಬಂಡವಾಳಗಾರರೂ ಅಮೆರಿಕ ಸರ್ಕಾರವೂ ಹಣ ಹಾಕಿದರು. ಓಜಿನ್ ಎಂದು ಹೆಸರು ಬದಲಿಸಿಕೊಂಡರೂ ಮಾರುಕಟ್ಟೆಯಲ್ಲಿ ನೆಲೆ ಸಿಗಲಿಲ್ಲ. ಮೂರು ರೆಕ್ಕೆಯ ಹಳೇ ಮಾದರಿಯೇ ದಿನದಿನಕ್ಕೆ ದೊಡ್ಡದೂ ಅಗ್ಗವೂ ಆಗುತ್ತಿದ್ದಾಗ ಹೊಸ ಮಾದರಿಗೆ ಕಾಯುವವರಾರು?

ಯಾವ ರಾಜ್ಯದ ಬಾಗಿಲು?

ಭಾರತದಲ್ಲಿ ಐಐಟಿ ಮುಂಬಯಿಯ ವಿದ್ಯಾರ್ಥಿಗಳು 1998ರಿಂದ "ಯುರೇಕಾ" ಸ್ಪರ್ಧೆ ನಡೆಸುತ್ತ ಬಂದಿದ್ದಾರೆ. 2009ರಲ್ಲಿ ಎಕನಾಮಿಕ್ ಟೈಮ್ಸ್ ಪತ್ರಿಕೆ ಅಹಮದಾಬಾದ್ ಐಐಎಂ ಜೊತೆ ಸೇರಿ "ಪವರ್ ಆಫ್ ಐಡಿಯಾಸ್" ನಡೆಸಿತು. 2016ರಲ್ಲಿ ಕೇಂದ್ರದ ಸ್ಟಾರ್ಟಪ್ ಇಂಡಿಯಾ ಆರಂಭವಾದ ಮೇಲೆ ರಾಜ್ಯ ಸರ್ಕಾರಗಳೂ ಪೈಪೋಟಿಗೆ ಬಿದ್ದವು. ಗಡಿನಾಡಿನವರಿಗೆ ತೊಡಕು ಶುರುವಾಗುವುದು ಇಲ್ಲೇ.

ಕರ್ನಾಟಕ ಸರ್ಕಾರದ "ಎಲಿವೇಟ್" 2017ರಲ್ಲಿ ಆರಂಭವಾದದ್ದು. 50 ಲಕ್ಷ ರೂಪಾಯಿವರೆಗೆ ಅನುದಾನ, ಪಾಲು ಕೇಳುವುದಿಲ್ಲ. ಆದರೆ ಕಂಪನಿ ಕರ್ನಾಟಕದಲ್ಲಿ ನೋಂದಣಿಯಾಗಿರಬೇಕು. ತಾಳವಾಡಿಯವರ ಮನೆಮಾತು ಕನ್ನಡ, ಸಂತೆ ಚಾಮರಾಜನಗರದ್ದು ಎಂಬುದು ಅಲ್ಲಿ ಲೆಕ್ಕಕ್ಕೆ ಬಾರದು. ಅದೇ ತಾಳವಾಡಿ, ಹೊಸೂರು, ನೀಲಗಿರಿಯವರಿಗೆ ತಮಿಳುನಾಡಿನ "ಟ್ಯಾನ್‌ಸೀಡ್" ಇದೆ. ಇತ್ತೀಚಿನ ಸುತ್ತುಗಳಲ್ಲಿ ಸಾಮಾನ್ಯ ಉದ್ದಿಮೆಗೆ 10 ಲಕ್ಷ, ಹಸಿರು ತಂತ್ರಜ್ಞಾನ, ಗ್ರಾಮೀಣ ಜೀವನೋಪಾಯ ಮತ್ತು ಮಹಿಳೆಯರು ನಡೆಸುವ ಉದ್ದಿಮೆಗೆ 15 ಲಕ್ಷ ಕೊಟ್ಟಿದ್ದಾರೆ. ಬದಲಿಗೆ ಕಂಪನಿಯಲ್ಲಿ ಶೇಕಡ 3ರಷ್ಟು ಪಾಲು ಸರ್ಕಾರಿ ಸಂಸ್ಥೆಗೆ ಹೋಗುತ್ತದೆ.

ಮಹಾರಾಷ್ಟ್ರದ ಸ್ಟಾರ್ಟಪ್ ವೀಕ್ 2018ರಿಂದ ಬಂದದ್ದು, ಸ್ವಲ್ಪ ಬೇರೆ ತರಹದ್ದು. ಗೆದ್ದ 24 ಉದ್ದಿಮೆಗಳಿಗೆ ನಗದು ಬಹುಮಾನದ ಬದಲು ಸರ್ಕಾರಿ ಇಲಾಖೆಯಲ್ಲಿ ಕೆಲಸ ಮಾಡಿ ತೋರಿಸಲು ಮೊದಲ ವರ್ಷಗಳಲ್ಲಿ 15 ಲಕ್ಷದವರೆಗಿನ ಕಾರ್ಯಾದೇಶ ಕೊಟ್ಟರು. ಹೊಸ ಕಂಪನಿಗೆ ಚೆಕ್ಕಿಗಿಂತ ಗಿರಾಕಿಯೇ ಮುಖ್ಯ ಎನ್ನುವುದಾದರೆ ಇದೇ ಹೆಚ್ಚು ಪ್ರಯೋಜನದ್ದು. 2022ರಲ್ಲಿ ಅದೇ ರಾಜ್ಯದ ಸ್ಟಾರ್ಟಪ್ ಯಾತ್ರೆ ಜಿಲ್ಲೆ ಜಿಲ್ಲೆಗೂ ಹೋಗಿ ಸ್ಪರ್ಧೆ ನಡೆಸಿತು. ತೆಲಂಗಾಣದಲ್ಲಿ 2019ರಿಂದ ನಡೆದ "ಇಂಟಿಂಟಾ ಇನ್ನೋವೇಟರ್" ಕಾರ್ಯಕ್ರಮ ರೈತರು, ಶಾಲಾ ಮಕ್ಕಳು, ಮೆಕ್ಯಾನಿಕ್‌ಗಳು ಮಾಡಿದ ಉಪಕರಣಗಳನ್ನು ಜಿಲ್ಲಾ ಕೇಂದ್ರದಲ್ಲಿ ಪ್ರದರ್ಶನಕ್ಕೆ ತಂದಿತು. ಅಲ್ಲಿಗೆ ಪ್ಲ್ಯಾನು ಬರೆಯುವ ಗೋಜಿಲ್ಲ. ಆಂಧ್ರದಲ್ಲಿ 2025ರ ಆಗಸ್ಟಿನಲ್ಲಿ ಉದ್ಘಾಟನೆಯಾದ ರತನ್ ಟಾಟಾ ಇನ್ನೋವೇಶನ್ ಹಬ್‌ನ ಶಾಖೆಯೊಂದು ಅನಂತಪುರದಲ್ಲಿದೆ, ರಾಯದುರ್ಗದವರಿಗೆ ಅದೇ ಹತ್ತಿರ. ಕೇರಳ ಸ್ಟಾರ್ಟಪ್ ಮಿಷನ್ ಬರೀ ಐಡಿಯಾ ಹಂತದಲ್ಲಿರುವವರಿಗೂ ಸಣ್ಣ ಅನುದಾನ ಕೊಡುತ್ತದೆ. ಕಾಸರಗೋಡಿನಲ್ಲಿ ತೆಂಗು ಅಡಿಕೆಗೆ ಸಂಬಂಧಿಸಿದ ಉದ್ದಿಮೆಗಳಿಗೆ ಸಿಪಿಸಿಆರ್‌ಐನಲ್ಲೇ ಪೋಷಣಾ ಕೇಂದ್ರವಿದೆ.

ಸಾಮಾನ್ಯವಾಗಿ ವಿದ್ಯಾರ್ಥಿಗಳ ಸ್ಪರ್ಧೆ ಕಾಲೇಜು ನೋಡಿ ಸೇರಿಸಿಕೊಳ್ಳುತ್ತದೆ, ಕಂಪನಿಗಳ ಸ್ಪರ್ಧೆ ನೋಂದಾಯಿತ ಕಚೇರಿ ನೋಡಿ. ಮಂಗಳೂರಿನಲ್ಲಿ ಓದುವ ಮಂಜೇಶ್ವರದ ಹುಡುಗಿ ವಿದ್ಯಾರ್ಥಿಯಾಗಿ ಅಲ್ಲೂ, ಕಂಪನಿ ಮಾಡಿದರೆ ಇಲ್ಲೂ ನಿಲ್ಲಬಹುದು. ಆದ್ದರಿಂದ ಕಂಪನಿ ನೋಂದಣಿಯ ಅರ್ಜಿಯಲ್ಲಿ ವಿಳಾಸ ತುಂಬುವ ಮೊದಲು ಯಾವ ರಾಜ್ಯದ ನೆರವು ಬೇಕು ಎಂದು ಯೋಚಿಸಬೇಕು. ಗೆಳೆಯನ ಬೆಂಗಳೂರಿನ ಬಾಡಿಗೆ ಕೋಣೆಯ ವಿಳಾಸ ಕೊಟ್ಟು ಆಮೇಲೆ ಊರಿನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಅಲೆದರೆ ಕೆಲಸ ಆಗದು.

ಭಾಷೆಯ ಮಾತು. ಅರ್ಜಿ ಹೆಚ್ಚಿನ ಕಡೆ ಇಂಗ್ಲಿಷಿನಲ್ಲೇ. ಆದರೆ ಯೋಜನೆಯಲ್ಲಿ ಗಿರಾಕಿಗಳನ್ನು ವಿಚಾರಿಸಿದ ವಿವರ ಕೇಳುತ್ತಾರಲ್ಲ, ಅಲ್ಲಿ ಎರಡು ಭಾಷೆ ಬಲ್ಲವರಿಗೆ ಇರುವ ಅನುಕೂಲ ಐಐಟಿಯವರಿಗೂ ಇಲ್ಲ. ಜತ್ತಿನ ಹುಡುಗ ಮರಾಠಿ ರೈತನನ್ನೂ ಕನ್ನಡ ರೈತನನ್ನೂ ಅವರವರ ಭಾಷೆಯಲ್ಲೇ ಮಾತಾಡಿಸಿ, ನೂರು ಮನೆಯ ಖರ್ಚಿನ ಪಟ್ಟಿ ತರಬಲ್ಲ. ಇದನ್ನು ಅರ್ಜಿಯಲ್ಲಿ ಬರೆಯಲು ಸಂಕೋಚಪಡುವವರೇ ಹೆಚ್ಚು.

ವೇದಿಕೆ ಹತ್ತುವ ಮೊದಲು

ಬಹುಮಾನ ಎಂದು ಬರೆದದ್ದೆಲ್ಲ ನಗದಲ್ಲ. ಎಷ್ಟೋ ಕಡೆ ಅದು ಬಂಡವಾಳ, ಅಂದರೆ ಹಣಕ್ಕೆ ಬದಲಾಗಿ ಕಂಪನಿಯಲ್ಲಿ ಪಾಲು ಕೊಡಬೇಕು. ಕೆಲವೆಡೆ ಕಚೇರಿ ಜಾಗ, ವಕೀಲರ ಸಲಹೆ, ಕಂಪ್ಯೂಟರ್ ಸೇವೆಗಳ ಬೆಲೆಯನ್ನೂ ಸೇರಿಸಿ ದೊಡ್ಡ ಮೊತ್ತ ಹೇಳಿರುತ್ತಾರೆ. ಹಣ ಒಂದೇ ಕಂತಿನಲ್ಲೋ, ಕೆಲಸ ತೋರಿಸಿದಂತೆಲ್ಲ ಕಂತು ಕಂತಾಗಿಯೋ ಎಂಬುದನ್ನೂ ನಿಯಮದಲ್ಲಿ ಓದಬೇಕು. ಪ್ರವೇಶ ಶುಲ್ಕವೆಂದು ಸಾವಿರಗಟ್ಟಲೆ ಕೇಳುವ, ತೀರ್ಪುಗಾರರ ಹೆಸರನ್ನೇ ಹೇಳದ ಸ್ಪರ್ಧೆಗಳಿಂದ ದೂರ ಇರುವುದು ಲೇಸು.

ಇನ್ನೊಂದು ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ಯಂತ್ರದ ಒಳಗುಟ್ಟನ್ನು ತುಂಬಿದ ಸಭೆಯಲ್ಲಿ ಹೇಳಿಬಿಟ್ಟರೆ ಆಮೇಲೆ ಅದಕ್ಕೆ ಪೇಟೆಂಟ್ ಸಿಗುವುದು ಕಷ್ಟ. ಪೇಟೆಂಟಿಗೆ ಅರ್ಜಿ ಹಾಕುವ ದಿನದವರೆಗೂ ವಿಷಯ ಹೊರಗೆ ಬಂದಿರಬಾರದು ಎಂಬುದು ಮೂಲ ನಿಯಮ. ತೀರ್ಪುಗಾರರು ಗುಟ್ಟು ಕಾಯುವ ಕರಾರಿಗೆ ಸಹಿ ಹಾಕುವುದು ಅಪರೂಪ. ಇದಕ್ಕೆ ಪರಿಹಾರ ತಾತ್ಕಾಲಿಕ ಅರ್ಜಿ. ಪೂರ್ತಿ ವಿವರವಿಲ್ಲದಿದ್ದರೂ ಯಂತ್ರದ ಮುಖ್ಯ ಅಂಶಗಳನ್ನು ಬರೆದು ಸಲ್ಲಿಸಿ ತಾರೀಖು ಹಿಡಿದುಕೊಳ್ಳಬಹುದು, ಪೂರ್ಣ ಅರ್ಜಿಗೆ 12 ತಿಂಗಳ ಸಮಯವಿರುತ್ತದೆ. ಒಬ್ಬ ವ್ಯಕ್ತಿಗಾಗಲಿ, ಮಾನ್ಯತೆ ಪಡೆದ ಸ್ಟಾರ್ಟಪ್‌ಗಾಗಲಿ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ 1,600 ರೂಪಾಯಿ. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆಂಧ್ರ, ತೆಲಂಗಾಣದವರಿಗೆ ಪೇಟೆಂಟ್ ಕಚೇರಿ ಚೆನ್ನೈನದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗೋವೆಯವರಿಗೆ ಮುಂಬಯಿಯದು.